ಮಾವನ ಕಾರಿನ ಕೆಂಪು ದೀಪ

ನಾನು ಯಾರ ದನಿಯನ್ನಾದರೂ ತೆಗೆಯುತ್ತೇನೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಕಂಡಕ್ಟರು, ಮೂಗಿನಲ್ಲೇ ಮಾತಾಡುವ ಪೋಸ್ಟ್ ಮಾಸ್ತರು, ಹೊಸದುರ್ಗದಿಂದ ಎರಡು ದಿನಕ್ಕೆಂದು ಬಂದು ಎರಡು ತಿಂಗಳು ಕೂರುವ ನಮ್ಮ ಚಿಕ್ಕಜ್ಜಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಕೈಹಾಕಿದೆ. ಹಿಟ್ಟಿನ ಗಿರಣಿ, ಏರು ಹತ್ತಲಾರದೆ ನರಳುವ ಲಾರಿ, ಬೆಳಗಿನ ಚಳಿಗೆ ಕೆಮ್ಮುವ ಮೊದಲನೇ ಬಸ್ಸು. ಬಿ.ಎ.ಯಲ್ಲಿ ಒಂದು ವಿಷಯ ಉಳಿಸಿಕೊಂಡು, ಬೆಲ್‌ಬಾಟಮ್ ಹೊಲಿಸಿಕೊಂಡು ಜಗಲಿಯ ಮೇಲೆ ಕೂತವನಿಗೆ ಇದಕ್ಕಿಂತ ದೊಡ್ಡ ಉದ್ಯೋಗ ಬೇರೆ ಇರಲಿಲ್ಲ. ಎರಡು ವರ್ಷದ ಹಿಂದೆ ಈ ವಿದ್ಯೆಯೇ ನಮ್ಮಕ್ಕನ ಕೆಲಸವನ್ನು ಇನ್ನೇನು ನುಂಗಿಬಿಡುವುದರಲ್ಲಿತ್ತು.

ಅಕ್ಕನಿಗೆ ಮಾರಿಕಣಿವೆ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮೇಡಂ ಆಗಿ ಆರ್ಡರು ಬಂದಿತ್ತು. ಹದಿನೈದು ದಿನದೊಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ಇಲ್ಲವಾದರೆ ಆರ್ಡರು ರದ್ದು ಎಂದು ಅದರಲ್ಲೇ ಬರೆದಿತ್ತು. ಹದಿನೈದು ದಿನ ಬೇಕಾದಷ್ಟಾಯಿತು ಅಂದುಕೊಂಡೆವು. ಆದರೆ ಪಂಚಾಂಗ ಚಿಕ್ಕಜ್ಜಿಯ ಮಡಿಲಲ್ಲಿತ್ತು. ಮಂಗಳವಾರ ಹೆಣ್ಣುಮಗಳು ಹೊಸ್ತಿಲು ದಾಟಬಾರದು, ಅಮಾವಾಸ್ಯೆ ಎದುರಿಗಿದೆ, ಆ ದಿಕ್ಕಿಗೆ ಈ ವಾರ ಶೂಲೆ, ಎಂದು ಒಂದೊಂದೇ ದಿನವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆದು, ಕೊನೆಗೆ ಉಳಿದದ್ದು ಹದಿನೈದನೆಯ ದಿನವೊಂದೇ. ಅದೂ ರಾಹುಕಾಲ ಕಳೆದು ಹನ್ನೊಂದಕ್ಕೆ ಹೊರಡಬೇಕು. ಸಂಜೆ ಐದಕ್ಕೆ ಶಾಲೆ ಬಾಗಿಲು ಹಾಕುತ್ತಾರೆ. ನಡುವೆ ದುರ್ಗ, ಹಿರಿಯೂರು, ಆಮೇಲೆ ಮಾರಿಕಣಿವೆ. ಹಿರಿಯೂರಿನಿಂದ ಆ ಕಡೆಗೆ ಹೋಗುವ ಬಸ್ಸು ಎರಡಕ್ಕೇ ಬಿಟ್ಟುಬಿಡುತ್ತಿತ್ತು. ಹಾಗಾಗಿ ಸೋದರಮಾವ ತನ್ನ ಕಾರು ತಂದ.

ಆ ಕಾರು ಅಕ್ಕನಿಗಿಂತ ಎರಡು ವರ್ಷ ದೊಡ್ಡದು. ಮಾವ ಅದನ್ನು ಓಡಿಸುವುದಕ್ಕಿಂತ ಪೂಜೆ ಮಾಡುವುದೇ ಹೆಚ್ಚು. ಪ್ರತಿ ಆಯುಧಪೂಜೆಗೆ ಕುಂಕುಮ ಕಲಸಿ ಸ್ಟೀರಿಂಗಿಗೆ, ಗಾಜಿಗೆ, ಮುಂದಿನ ಎರಡು ದೊಡ್ಡ ದೀಪಕ್ಕೆ, ಡ್ಯಾಶ್‌ಬೋರ್ಡಿನ ಸಣ್ಣ ಸಣ್ಣ ದೀಪಗಳಿಗೆಲ್ಲ ಬೊಟ್ಟಿಡುತ್ತಿದ್ದ. ಇಟ್ಟದ್ದನ್ನು ಮುಂದಿನ ಪೂಜೆಯವರೆಗೆ ಯಾರೂ ಒರೆಸುವ ಹಾಗಿಲ್ಲ. ಮುಂದಿನ ಪೂಜೆಯಲ್ಲಿ ಅದರ ಮೇಲೇ ಇನ್ನೊಂದು. ಹೀಗೆ ಆರೇಳು ವರ್ಷದ ಕುಂಕುಮ ಗಟ್ಟಿಯಾಗಿ, ಒಳಗೆ ಯಾವ ದೀಪ ಯಾವುದಕ್ಕೆ ಎಂಬುದು ಮಾವನಿಗೂ ಮರೆತುಹೋಗಿತ್ತು.

ದುರ್ಗದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಮತ್ತೆ ಹತ್ತುವಾಗ ಅಕ್ಕ ತನ್ನ ಬಟ್ಟೆಯ ಚೀಲವನ್ನು ನನಗೆ ಕೊಟ್ಟಳು. ಹಿಂದಿನ ಸೀಟಿನಲ್ಲಿ ಟ್ರಂಕು, ಹಾಸಿಗೆ ಸುರುಳಿ, ಸ್ಟವ್ವುಗಳ ನಡುವೆ ಅವಳೇ ಕಷ್ಟಪಟ್ಟು ಕೂತಿದ್ದಳು. ಚೀಲದಲ್ಲಿ ಆರ್ಡರು ಇತ್ತು, ಹಿತ್ತಾಳೆ ಕ್ಯಾರಿಯರಿನಲ್ಲಿ ಹೋಳಿಗೆಯೂ ಇತ್ತು. ಸರ್ಕಾರಿ ಕಾಗದವನ್ನು ಕಾಲಬುಡದಲ್ಲಿ ಇಡಬೇಡ ಎಂದು ತಾಕೀತಾಯಿತು. ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಪ್ಪು ಗುಂಡಿ ಮೂಗಿನಂತೆ ಎದ್ದು ನಿಂತಿತ್ತು. ಚೀಲವನ್ನು ಅದಕ್ಕೆ ನೇತುಹಾಕಿ, ನನ್ನ ಬುದ್ಧಿಗೆ ನಾನೇ ಮೆಚ್ಚಿ ಕೂತೆ.

ಮದಕರಿಪುರದ ಹತ್ತಿರ ಬರುವಾಗ ಮಾವ ಒಮ್ಮೆಲೇ ಮಾತು ನಿಲ್ಲಿಸಿದ. ಕುಂಕುಮದ ಹಿಂದಿನಿಂದ ಒಂದು ದೀಪ ಕೆಂಪಗೆ ಕಣ್ಣು ಬಿಟ್ಟಿತ್ತು.

ಮಾವ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ ಕೀ ಕಿತ್ತುಕೊಂಡ. ಕಾರು ಮಾರಿದವನು ಅವನಿಗೆ ಒಂದೇ ಒಂದು ಉಪದೇಶ ಮಾಡಿದ್ದನಂತೆ: ಕೆಂಪು ದೀಪ ಹತ್ತಿತೆಂದರೆ ಇಂಜಿನ್ನಿಗೆ ಆಯಿಲ್ ಹೋಗುತ್ತಿಲ್ಲ ಎಂದು ಅರ್ಥ, ಅಲ್ಲೇ ನಿಲ್ಲಿಸು, ಒಂದು ಮಾರು ಮುಂದೆ ಹೋದರೂ ಇಂಜಿನ್ ಮರೆತುಬಿಡು. ಬೋನೆಟ್ ಎತ್ತಿ ಕಡ್ಡಿ ಎಳೆದು ನೋಡಿದರೆ ಆಯಿಲ್ ಬೇಕಾದಷ್ಟಿತ್ತು. ಅದರಿಂದ ಮಾವನ ಹೆದರಿಕೆ ಇನ್ನೂ ಹೆಚ್ಚಿತು. ಆಯಿಲ್ ಇದ್ದೂ ದೀಪ ಹತ್ತಿದೆ ಎಂದರೆ ಒಳಗೇ ಏನೋ ಮುರಿದಿದೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು, ಬೆದರಿದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುವ ಹಾಗೆ ಡ್ಯಾಶ್‌ಬೋರ್ಡಿನ ಮೇಲೆ ಮುಚ್ಚಿದ. ಅಕ್ಕ ಕೈಗಡಿಯಾರ ನೋಡಿಕೊಂಡಳು. ಒಂದು ಗಂಟೆಯಾಗಿತ್ತು. ನೀನು ಹೋಗಿ ಮೇಸ್ತ್ರಿಯನ್ನು ಕರೆದುಕೊಂಡು ಬಾ ಎಂದಳು, ಅಷ್ಟೇ. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಟ್ರ್ಯಾಕ್ಟರೊಂದು ಹತ್ತಿಸಿಕೊಂಡಿತು. ದುರ್ಗದ ಹೈವೇ ಬದಿಯಲ್ಲಿ ಮೇಸ್ತ್ರಿಯ ಶೆಡ್ಡು ಸಿಕ್ಕಿತು. ಬಿಳಿ ಗಡ್ಡದ ಸಾಬರು ಅವರು, ಒಂದು ಲಾರಿಯ ಕೆಳಗಿನಿಂದ ತಲೆಯಷ್ಟೇ ಹೊರಗೆ ಹಾಕಿ ನನ್ನ ಮಾತು ಕೇಳಿದರು. ಲಾರಿ ಡ್ರೈವರುಗಳು, ಕ್ಲೀನರುಗಳು, ಎದುರಿನ ಟೀ ಅಂಗಡಿಯವನು, ಏಳೆಂಟು ಜನ ಸುತ್ತ ನಿಂತಿದ್ದರು. ಮೇಸ್ತ್ರಿ ಸಹಜವಾಗಿ, ಬರುವಾಗ ಇಂಜಿನ್ ಶಬ್ದ ಹೇಗಿತ್ತು ಎಂದು ಕೇಳಿದರು.

ಇದನ್ನು ನನ್ನಂಥವನ ಹತ್ತಿರ ಕೇಳಬಾರದಿತ್ತು.

ಕೈ ಸ್ಟೀರಿಂಗಿನ ಮೇಲಿಟ್ಟಂತೆ ಮಾಡಿ ಮಾವನಾಗಿ ಕೂತೆ. ಮೊದಲು ಸ್ಟಾರ್ಟರು ಅಳುವುದು, ಆಮೇಲೆ ಮೊದಲನೇ ಗೇರಿನ ಗೊಣಗಾಟ, ಗೇರು ಬದಲಿಸುವಾಗ ಬರುವ ಕರಕರ. ಡ್ರೈವರುಗಳು ನಕ್ಕರು. ನಗು ನನಗೆ ಪೆಟ್ರೋಲಿದ್ದ ಹಾಗೆ. ಎರಡನೇ ಗೇರು ಹಾಕಿದೆ, ಇನ್ನೂ ನಕ್ಕರು. ಮೂರನೆಯದಕ್ಕೆ ಬರುವ ಹೊತ್ತಿಗೆ ಕಾರಿನಲ್ಲಿದ್ದ ಶಬ್ದವೆಲ್ಲ ಮುಗಿದುಹೋಗಿತ್ತು, ಜನ ಮಾತ್ರ ಇನ್ನೂ ಬೇಕೆಂದು ಕಾಯುತ್ತಿದ್ದರು. ಹಿಂದೆ ಯಾವುದೋ ಮುದಿ ಲಾರಿಯಿಂದ ಕಲಿತಿದ್ದ ಒಂದು ಟಕಟಕ ನನ್ನ ಗಂಟಲಲ್ಲಿ ಇತ್ತು. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಅದನ್ನೂ ಸೇರಿಸಿಬಿಟ್ಟೆ. ಟೀ ಅಂಗಡಿಯವನು ಹೊಟ್ಟೆ ಹಿಡಿದುಕೊಂಡ.

ಮೇಸ್ತ್ರಿ ಮಾತ್ರ ನಗಲಿಲ್ಲ. ಲಾರಿಯಡಿಯಿಂದ ಪೂರ್ತಿ ಹೊರಗೆ ಬಂದು ಕೈ ಒರೆಸಿಕೊಂಡರು.

"ಬೇರಿಂಗ್ ಹೋಗೈತೆ. ಇನ್ನೊಂದ್ ಸಲ ಸ್ಟಾರ್ಟ್ ಮಾಡಿದ್ರೆ ಇಂಜಿನ್ನೇ ಇರಲ್ಲ. ಎತ್ತು ಕಟ್ಟಿ ಎಳ್ಕಂಡು ಬರ್ರಿ, ನಾಳೆ ಬಿಚ್ಚಾಣ."

ಅಷ್ಟು ಹೇಳಿ ಮತ್ತೆ ಲಾರಿಯ ಕೆಳಗೆ ಜಾರಿದರು. ಡ್ರೈವರುಗಳು ಇನ್ನೊಂದು ಸಲ ಮಾಡಪ್ಪ ಎನ್ನುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಟ್ರಂಕಿನ ಪಕ್ಕ ಕೈಗಡಿಯಾರ ನೋಡುತ್ತ ಕೂತ ಅಕ್ಕ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಬಂದ ಕೆಲಸ ಅದು. ಮೇಸ್ತ್ರಿ ಹೇಳಿದ್ದನ್ನು ಹೋಗಿ ಹೇಳಿದರೆ ಅವಳು ನಂಬುತ್ತಾಳೆ. ಮೇಸ್ತ್ರಿ ನಂಬಿದ್ದು ನನ್ನ ನಾಲಿಗೆಯನ್ನು. ಕಾರಿಗೆ ಏನಾಗಿದೆಯೋ ನನಗೆ ಗೊತ್ತಿರಲಿಲ್ಲ, ಆದರೆ ಆ ಟಕಟಕ ಮಾತ್ರ ಅದರಲ್ಲಿ ಇರಲಿಲ್ಲ. ಇಷ್ಟು ಹೊತ್ತು ನನ್ನನ್ನು ನೋಡಿ ನಕ್ಕವರ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಲಾರಿಯ ಕೆಳಕ್ಕೆ ಬಗ್ಗಿದೆ.

"ಮೇಸ್ತ್ರೀ, ಆ ಟಕಟಕ ಕಾರಿಂದಲ್ಲ. ನಂದು."

"ನಿಂಗೇನಾಗೈತೆ?"

"ಜನ ನಗ್ತಿದ್ರು. ಒಂಚೂರು ಸೇರಿಸ್ದೆ."

ಲಾರಿಯ ಕೆಳಗೆ ಸ್ಪ್ಯಾನರು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಅವರ ದನಿ ಬಂತು. "ಈಗ ಸುಳ್ಳಿಲ್ದಂಗೆ ಮಾಡು. ಕೇಳ್ತೀನಿ."

ಜನ್ಮದಲ್ಲಿ ಅಷ್ಟು ಕಷ್ಟದ ಅನುಕರಣೆ ನಾನು ಮಾಡಿಲ್ಲ. ಕಣ್ಣು ಮುಚ್ಚಿ, ಮದಕರಿಪುರದ ಹತ್ತಿರ ಕಾರು ಹೇಗೆ ಬರುತ್ತಿತ್ತೋ ಹಾಗೆ, ಒಂದೇ ಸಮನೆ, ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕಿದ ಹಾಗೆ ಗುರ್ ಎಂದೆ. ಯಾರೂ ನಗಲಿಲ್ಲ. ಟೀ ಅಂಗಡಿಯವನು ಅರ್ಧದಲ್ಲೇ ತಿರುಗಿ ಹೋದ. ಮೇಸ್ತ್ರಿ ಮಾತ್ರ ಕೊನೆಯವರೆಗೆ ಕೇಳಿ, ಇಂಜಿನ್ ಚೆನ್ನಾಗಿದೆಯಲ್ಲ, ಹಾಗಾದರೆ ದೀಪ ಯಾಕೆ ಹತ್ತಿತು ಎಂದು ತಮಗೆ ತಾವೇ ಹೇಳಿಕೊಂಡು, ಹಳೆಯ ಮೋಟಾರ್ ಸೈಕಲ್ ಹೊರಗೆ ತೆಗೆದರು.

ನಾವು ಹೋದಾಗ ಮಾವ ಹುಣಸೆ ಮರದ ಕೆಳಗೆ ಕಾರಿಗೆ ಬೆನ್ನು ಹಾಕಿ ಕೂತಿದ್ದ. ಅಕ್ಕ ರಸ್ತೆಯಲ್ಲಿ ನಿಂತಿದ್ದಳು. ಮೇಸ್ತ್ರಿ ಮೊದಲು ನನ್ನ ಟಕಟಕದ ಕಥೆಯನ್ನು ಇಬ್ಬರಿಗೂ ವಿವರವಾಗಿ ಒಪ್ಪಿಸಿದರು. ಆಮೇಲೆ ಒಳಗೆ ಬಗ್ಗಿ ಟವೆಲ್ ಸರಿಸಿದರು. ದೀಪ ಇನ್ನೂ ಉರಿಯುತ್ತಿತ್ತು, ಸ್ವಲ್ಪ ಮಂಕಾಗಿ.

"ಕೀ ಎಲ್ಲೈತ್ರಿ?"

ಮಾವ ಸೊಂಟ ಮುಟ್ಟಿ ತೋರಿಸಿದ.

"ಕೀ ನಿಮ್ಮ ಸೊಂಟದಾಗೈತೆ, ದೀಪ ಇಲ್ಲಿ ಉರೀತೈತೆ. ಇಂಜಿನ್ ದೀಪ ಆಗಿದ್ರೆ ಕೀ ತೆಗೆದಾಗ್ಲೇ ಆರ್ಬೇಕಿತ್ತಲ್ಲ?"

ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಟವೆಲ್ ಮುಚ್ಚಿದ ಮೇಲೆ ಯಾರೂ ತೆಗೆದು ನೋಡಿಯೇ ಇರಲಿಲ್ಲ. ಯಾವ ದೀಪ ಎಂದು ತಿಳಿಯಬೇಕಾದರೆ ಕುಂಕುಮ ಒರೆಸಬೇಕು ಎಂದರು ಮೇಸ್ತ್ರಿ. ಮಾವ ಅಡ್ಡ ನಿಂತ. ಪೂಜೆಯ ಕುಂಕುಮ ಅದು, ಮುಂದಿನ ಪೂಜೆಯವರೆಗೆ ಕೈ ಹಚ್ಚುವ ಹಾಗಿಲ್ಲ, ಬೇಕಾದರೆ ಇಂಜಿನ್ ಬಿಚ್ಚಿ ಎಂದ. ಮೇಸ್ತ್ರಿ ಮರ್ಯಾದೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ಗಂಟೆ ಎರಡೂವರೆ ದಾಟುತ್ತಿತ್ತು.

ಅಕ್ಕ ಬಂದು ಮಾವನನ್ನು ಮೆಲ್ಲಗೆ ಸರಿಸಿ, ಉಗುರಿನಿಂದ ಆ ಕುಂಕುಮದ ಹೆಕ್ಕಳಿಕೆಯನ್ನು ಎಬ್ಬಿಸಿದಳು. ಬೆರಳಿಗೆ ಬಂದದ್ದನ್ನು ಹಣೆಗೆ ಇಟ್ಟುಕೊಂಡಳು.

"ಎಲ್ಲೂ ಹೋಗಿಲ್ಲ ಬಿಡು ಮಾವ. ಇಲ್ಲೇ ಐತೆ."

ಮಾವ ಒಂದು ಹೆಜ್ಜೆ ಹಿಂದೆ ಸರಿದ. ಹಣೆಯ ಕುಂಕುಮವನ್ನು ಬೇಡ ಎನ್ನುವುದು ಹೇಗೆ?

ಕುಂಕುಮ ಹೋದ ಜಾಗದಲ್ಲಿ ಬರೀ ಬಿಳಿ ಬಲ್ಬು ಇತ್ತು. ಅದರ ಗಾಜಿನ ಬಿಲ್ಲೆ ಎಂದೋ ಒಡೆದು ಬಿದ್ದಿತ್ತು. ಅಂಚಿನಲ್ಲಿ ಒಂದು ಚೂರು ಉಳಿದಿತ್ತು, ಅದು ನೀಲಿ. ಕೆಂಪು ಕಾರಿನದಲ್ಲ, ಕುಂಕುಮದ್ದು. ಮೇಸ್ತ್ರಿ ನನ್ನನ್ನು ಕಾರಿನ ಮುಂದಕ್ಕೆ ಕಳಿಸಿ ದೊಡ್ಡ ದೀಪಕ್ಕೆ ಅಂಗೈ ಅಡ್ಡ ಹಿಡಿ ಎಂದರು. ಬಿಸಿಲಿನಲ್ಲಿ ಯಾರ ಕಣ್ಣಿಗೂ ಬೀಳದೆ, ಮೈತುಂಬ ಕುಂಕುಮ ಮೆತ್ತಿಕೊಂಡು, ಎರಡೂ ದೀಪಗಳು ಉರಿಯುತ್ತಿದ್ದವು. ಅಂಗೈಯಲ್ಲಿ ಬೆಳಕು ಕಂಡಿತು. ಮುಂದಿನ ದೀಪಗಳು ದೂರಕ್ಕೆ ಬೆಳಕು ಬೀರುತ್ತಿವೆ ಎಂದು ತಿಳಿಸುವುದಷ್ಟೇ ಆ ನೀಲಿಯ ಕೆಲಸವಂತೆ.

ಯಾರು ಹಾಕಿದ್ದು ಎಂದು ಮಾವ ಗದರಿದ. ಮೇಸ್ತ್ರಿ ಒಳಗೆ ಕೈ ಚಾಚಿದರು. ಅಕ್ಕನ ಚೀಲವನ್ನು ಎರಡು ಬೆರಳಿನಿಂದ ಎತ್ತಿದರು. ಹೋಳಿಗೆಯ ಭಾರಕ್ಕೆ, ಎಳೆದರೆ ದೀಪ ಹತ್ತುವ ಆ ಕಪ್ಪು ಗುಂಡಿ ಪೂರಾ ಹೊರಕ್ಕೆ ಬಂದಿತ್ತು. ಅದನ್ನು ಒಳಗೆ ಒತ್ತಿದರು. ದೀಪ ಆರಿತು. ಮೂವರೂ ನನ್ನ ಕಡೆ ತಿರುಗಿದರು. ಎಷ್ಟೋ ಜನರ ಮುಖ ಅನುಕರಿಸುವ ನನಗೆ ಆಗ ಯಾವ ಮುಖ ಹಾಕಿಕೊಳ್ಳಬೇಕೆಂದು ತಿಳಿಯಲಿಲ್ಲ.

ಒಂದೂವರೆ ಗಂಟೆ ದೀಪ ಉರಿದು ಬ್ಯಾಟರಿ ಸತ್ತಿತ್ತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮೂವರು ಕಂಬಳಿಯನ್ನು ಹೆಗಲಿನಿಂದ ಇಳಿಸಿ ಕೈ ಕೊಟ್ಟರು. ಅವರು ತಳ್ಳಿದರು, ಮೇಸ್ತ್ರಿ ತಳ್ಳಿದರು, ನಾನು ನನ್ನ ಬೆಲ್‌ಬಾಟಮ್ಮನ್ನು ನಾನೇ ತುಳಿದು ಮುಗ್ಗರಿಸಿದೆ. ಹಿರಿಯ ಕುರುಬ, "ಲೇ, ನೀ ಲಂಗ ಎತ್ಕಂಡು ತಳ್ಳಪ್ಪ" ಎಂದ. ಕಾರು ಒಮ್ಮೆ ಕೆಮ್ಮಿ, ಹೊಟ್ಟೆ ತುಂಬಿದ ಎಮ್ಮೆಯಂತೆ ಗುರ್ ಎಂದಿತು. ಕುರಿಗಳು ದಿಕ್ಕಾಪಾಲಾದವು. ಮೇಸ್ತ್ರಿ ಅದನ್ನು ಕೇಳಿ ನನ್ನ ಕಡೆ ತಲೆಯಾಡಿಸಿದರು. ಸರಿಯಾಗಿ ಮಾಡಿದ್ದೆ ಎಂದು. ಇಂದಿಗೂ ಅದಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಬಿದ್ದಿಲ್ಲ. ಅಕ್ಕ ಮೇಸ್ತ್ರಿಯ ಕೈಗೆ ನಾಲ್ಕು ಹೋಳಿಗೆ ಇಟ್ಟಳು.

ಆಮೇಲೆ ಮಾವ ಎಲ್ಲಿಯೂ ಇಂಜಿನ್ ನಿಲ್ಲಿಸಲಿಲ್ಲ. ನಾನು ಚೀಲವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತೆ. ಹಿರಿಯೂರು ದಾಟಿತು, ಕಾಲುವೆಯ ನೀರು ಕಂಡಿತು, ಶಾಲೆಯ ಹೆಂಚು ಕಂಡಿತು. ಹೆಡ್ ಮಾಸ್ತರು ಹೊರಗೆ ನಿಂತು ಗೊಂಚಲಿನಲ್ಲಿ ಬೀಗದ ಕೈ ಹುಡುಕುತ್ತಿದ್ದರು. ಐದಕ್ಕೆ ಎಂಟು ನಿಮಿಷವಿತ್ತು.

ಬಾಗಿಲು ಮತ್ತೆ ತೆರೆಯಿತು. ಅಕ್ಕ ಸಹಿ ಹಾಕಿದಳು. ಶಾಯಿ ಆರುವವರೆಗೆ ಹೆಡ್ ಮಾಸ್ತರು ಪುಸ್ತಕಕ್ಕೆ ಊದುತ್ತ, ಹದಿನೈದು ದಿನದಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಬಂದಿರಲ್ಲಮ್ಮ, ಯಾಕೆ ಎಂದರು. ಅವರು ಮಾತಿನ ಕೊನೆಯಲ್ಲಿ ಹುಬ್ಬು ಹಾರಿಸುವುದನ್ನು ನಾನು ಆಗಲೇ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದೆ.

ಅಕ್ಕ ಎಂದೂ ಯಾರ ದನಿಯನ್ನೂ ತೆಗೆದವಳಲ್ಲ. ಆ ಹೊತ್ತು ಮಾತ್ರ ದಾರಿಯ ಕಥೆಯನ್ನು ಚುಟುಕಾಗಿ ಹೇಳಿ, ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಟಕಟಕ ಬಡಿದಳು. ಆಮೇಲೆ ಕತ್ತನ್ನು ಕೆಳಕ್ಕೆ ಬಗ್ಗಿಸಿ, ತುಟಿ ಒಣಗಿದವನ ಹಾಗೆ, ನನ್ನದೇ ದನಿಯಲ್ಲಿ, "ಮೇಸ್ತ್ರೀ, ಆ ಟಕಟಕ ಕಾರಿಂದಲ್ಲ. ನಂದು" ಎಂದಳು. ಹೆಡ್ ಮಾಸ್ತರು ನಕ್ಕ ರಭಸಕ್ಕೆ ಕನ್ನಡಕ ಹಾಜರಿ ಪುಸ್ತಕದ ಮೇಲೆ ಬಿತ್ತು. ಬಾಗಿಲಲ್ಲಿದ್ದ ಮಾವನೂ ನಕ್ಕ. ಅವಳು ತಾನಿಲ್ಲದ ಜಾಗದಲ್ಲಿ ನಡೆದದ್ದನ್ನು ಕೇಳಿ ಮಾಡಿದ್ದಳು, ಆದರೂ ಒಂದು ಅಕ್ಷರ ತಪ್ಪಿರಲಿಲ್ಲ.

ನಾನು ಚೀಲವನ್ನು ಕೊಡಲು ಹೋದೆ. ಗೋಡೆಯಲ್ಲಿ ಒಂದು ಗೂಟವಿತ್ತು. ಕೈ ತಾನಾಗಿ ಅತ್ತ ಹೋಯಿತು.

"ಅಲ್ಲಿ ಬ್ಯಾಡ," ಎಂದಳು ಮೇಡಂ. "ಕೈಯಾಗೇ ಹಿಡ್ಕ."