ಕಲ್ಲುನಾಯಿ ಸತ್ತ ಸೋಮವಾರ

ಎರಡು ವರ್ಷದ ಹಿಂದಿನ ಶ್ರಾವಣ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಶಾಲೆಗೆ ರಜೆಯಿದ್ದ ಒಂದು ಸೋಮವಾರ ಬೆಳಿಗ್ಗೆ ನಾನು ಬಳ್ಳಾರಿಯಿಂದ ಕುರುಗೋಡಿಗೆ, ತವರುಮನೆಗೆ ಹೊರಟಿದ್ದೆ. ಅಂದು ನಡೆದದ್ದನ್ನು ಅವ್ವ ಮತ್ತು ಗಂಡನ ಹೊರತು ಯಾರಿಗೂ ಹೇಳಿಲ್ಲ. ಹೇಳಿಕೊಂಡು ತಿರುಗುವಂಥ ಸಂಗತಿಯೂ ಅಲ್ಲ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅಪ್ಪ ಸತ್ತಾಗ ನಾನು ಅಳಲಿಲ್ಲ. ಅವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಕುರುಗೋಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅಪ್ಪ, ಗಿರಾಕಿ ಇರಲಿ ಬಿಡಲಿ ಬಾಯ್ತುಂಬ ಮಾತಾಡುತ್ತಿದ್ದ ಅಪ್ಪ, ಹಟ ಹಿಡಿದು ನನ್ನನ್ನು ಬಿ.ಎಡ್. ಓದಿಸಿದ ಅಪ್ಪ. ಕೊನೆಯ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದವಳು ನಾನೇ. ಔಷಧಿ ಚೀಟಿ, ರಕ್ತ, ಸ್ಕ್ಯಾನಿಂಗು, ಕಡೆಗೆ ಆಂಬುಲೆನ್ಸು, ಎಲ್ಲಕ್ಕೂ ಓಡಾಡಿದೆ. ಪಡಸಾಲೆಯಲ್ಲಿ ಅವರಿಗೆ ವಿಭೂತಿ ಹಚ್ಚಿ ಕೂರಿಸಿದಾಗ ಅವ್ವ, ಅತ್ತೆಯರು, ಓಣಿಯ ಹೆಂಗಸರು ಹಾಡಿಕೊಂಡು ಅತ್ತರು. ನನ್ನ ಕಣ್ಣು ಮಾತ್ರ ಒಣಗಿಯೇ ಇತ್ತು. ನಾನು ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದೆ.

“ನೋಡ್ರಿ, ಹೊಟ್ಟೀಲೆ ಹುಟ್ಟಿದಾಕಿ. ಒಂದು ಹನಿ ನೀರಿಲ್ಲ ಕಣ್ಣಾಗ” ಎಂದು ಸೋದರತ್ತೆ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಅವ್ವನಿಗೂ ಕೇಳಿಸಿತು. ಅವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಮಣ್ಣು ಮಾಡಿ ಬಂದ ಮೇಲೆ ಅಳು ಬಂದೀತು ಎಂದು ಕಾದೆ. ತಿಂಗಳಾದ ಮೇಲೆ ಬಂದೀತು ಎಂದುಕೊಂಡೆ. ಬರಲಿಲ್ಲ.

ನಾನು ಬಳ್ಳಾರಿಯ ಪಾರ್ವತಿನಗರದಲ್ಲಿದ್ದುಕೊಂಡು ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸುವವಳು. ಕತೆ, ಕಾದಂಬರಿಗೂ ನನಗೂ ಅಷ್ಟಕ್ಕಷ್ಟೆ. ಆ ಶ್ರಾವಣದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಪಾಠ ನಡೆಯುವಾಗಲೇ ಡೆಸ್ಕಿನ ಕೆಳಗೆ ಒಂದು ದಪ್ಪ ಪುಸ್ತಕ ಓದುತ್ತಿದ್ದಳು. ಕಸಿದುಕೊಂಡೆ. ಮಾಯಾಲೋಕದ ಕಾದಂಬರಿ. ಅಂಥದ್ದೇನಿದೆ ನೋಡೋಣ ಎಂದು ಸ್ಟಾಫ್ ರೂಮಿನಲ್ಲಿ ತೆರೆದವಳು ಮನೆಗೂ ಒಯ್ದೆ. ಆ ನಾಲ್ಕು ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನ್ನ ಗಂಡನನ್ನೇ ಕೇಳಬೇಕು.

ಕತೆಯಲ್ಲಿ ಕೋಟೆಯ ಬಾಗಿಲು ಕಾಯುವ ಒಂದು ಕಲ್ಲಿನ ನಾಯಿ ಇದೆ. ದಿಕ್ಕಿಲ್ಲದ ಹುಡುಗಿಯೊಬ್ಬಳು ಅದನ್ನು ಮುಟ್ಟಿದಾಗ ಅದಕ್ಕೆ ಜೀವ ಬರುತ್ತದೆ, ಮಾತೂ ಬರುತ್ತದೆ. ಆದರೆ ಅದಕ್ಕೆ ಸಿಕ್ಕಿರುವುದು ನೂರೇ ಮಾತು. ಅವು ಮುಗಿದರೆ ಮತ್ತೆ ಕಲ್ಲು. ಅದು ಒಂದೊಂದು ಮಾತಾಡಿದಾಗಲೂ ಹುಡುಗಿ ಎಣಿಸುತ್ತಾಳೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ನಾನೂ ಎಣಿಸುತ್ತಿದ್ದೆ.

ಪುಸ್ತಕ ವಾಪಸು ಕೇಳಲು ಬಂದ ಹುಡುಗಿ ಆ ಪೆನ್ಸಿಲ್ ಗೆರೆ ನೋಡಿ ಒಳಗೊಳಗೇ ನಕ್ಕಳು. “ಓದಿ ಮುಗಿಸ್ರಿ ಮಿಸ್. ಆದ್ರ ಕಡೀ ಅಧ್ಯಾಯ ಬಸ್ಸಿನಾಗ ಓದಬ್ಯಾಡ್ರಿ” ಎಂದಳು. ನಲವತ್ತು ದಾಟಿದ ನನಗೆ ಇವಳು ಬುದ್ಧಿ ಹೇಳುತ್ತಾಳಲ್ಲ ಎನ್ನಿಸಿತು.

ಸೋಮವಾರ ಬಸ್ಸಿನಲ್ಲೇ ಓದಿದೆ. ನಾಯಿಗೆ ಒಂದೇ ಮಾತು ಉಳಿದಿದೆ. ಅದನ್ನು ಆಡದೆ ಉಳಿಸಿಕೊಂಡರೆ ಹುಡುಗಿಯ ಜೊತೆ ಕಡೆತನಕ ಇರಬಹುದು. ಮುಂದಿನ ಹೆಜ್ಜೆಯಲ್ಲಿ ಪ್ರಪಾತವಿರುವುದು ಅವಳಿಗೆ ಕಾಣುತ್ತಿಲ್ಲ. ನಾಯಿ ಅವಳ ಹೆಸರು ಹಿಡಿದು ಕೂಗುತ್ತದೆ. ಅವಳು ನಿಲ್ಲುತ್ತಾಳೆ, ಉಳಿಯುತ್ತಾಳೆ. ಓಡಿಬಂದು ಅಪ್ಪಿಕೊಂಡರೆ ಅವಳ ಕೆನ್ನೆಗೆ ತಾಗುವುದು ತಣ್ಣನೆಯ ಕಲ್ಲು. ಕೂಗಲು ತೆರೆದ ಬಾಯಿ ತೆರೆದೇ ಇದೆ.

ನನ್ನೊಳಗಿಂದ ಎಂಥದೋ ದನಿ ಹೊರಬಿತ್ತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಬಸ್ಸಿನ ತುಂಬ ಹೆಂಗಸರೇ. ಎಲ್ಲರೂ ತಿರುಗಿದರು. ಪಕ್ಕದ ಸೀಟಿನಲ್ಲಿ ಸಿರುಗುಪ್ಪದ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಕುರುಗೋಡಿನ ತಂಗಿಯ ಮನೆಗೆ ಹೊರಟಿದ್ದೇನೆ ಎಂದು ಆಗಲೇ ಹೇಳಿದ್ದರು. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, “ಯಾಕವ್ವಾ? ಫೋನ್ ಬಂತೇನು? ಯಾರು ಹೋದ್ರು?” ಎಂದು ಕೇಳಿದರು.

ಕಲ್ಲಿನ ನಾಯಿ ಎಂದು ಹೇಗೆ ಹೇಳಲಿ? “ಅಪ್ಪ” ಎಂದುಬಿಟ್ಟೆ.

ಆ ತಾಯಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ತಾವೂ ಅತ್ತರು. ಯಾರೋ ನೀರಿನ ಬಾಟಲಿ ಕೊಟ್ಟರು. ಕಂಡಕ್ಟರ್ ಬಂದು, “ನಿಮ್ಮ ಓಣಿ ಮುಂದ ನಿಲ್ಲಸ್ತೀನಿ, ಹೇಳ್ರಿ ಅಕ್ಕಾರ” ಎಂದ. ನಿಜ ಹೇಳಬೇಕೆಂದರೆ, ಅದು ನನಗೆ ಹಿತವಾಗಿತ್ತು. ಅಪ್ಪ ಸತ್ತಾಗ ನಾನು ಅಳಲಿಲ್ಲವಾದ್ದರಿಂದ ಯಾರೂ ನನ್ನನ್ನು ಸಮಾಧಾನ ಮಾಡಿರಲಿಲ್ಲ. ಸುಳ್ಳು ಹೇಳಿ ಅದನ್ನು ಈಗ ಪಡೆಯುತ್ತಿದ್ದೆ.

ಇಳಿಯುವಾಗ, “ನೀವು ತಂಗಿ ಮನಿಗೆ ಹೋಗ್ರಿ, ನಾ ಹೋಗ್ತೀನಿ” ಎಂದೆ.

“ಹೆಣ ಇರೋ ಮನಿಗೆ ಒಬ್ಬಾಕಿನ್ನ ಹೆಂಗ ಕಳಸ್ಲವ್ವಾ? ನಡಿ” ಎಂದು ನನ್ನ ತೋಳು ಹಿಡಿದು ತಾವೂ ಇಳಿದರು.

ಓಣಿಯ ತಿರುವಿನಲ್ಲಿ ನಿಂತು ನಿಜ ಹೇಳಿ ಕೈಮುಗಿಯೋಣ ಎಂದುಕೊಂಡಿದ್ದೆ. ಆದರೆ ನಮ್ಮ ಕಡೆ ಸಾವಿನ ಮನೆಗೆ ಹೋಗುವ ಹೆಂಗಸರು ಬಾಗಿಲವರೆಗೆ ಸುಮ್ಮನೆ ಹೋಗುವುದಿಲ್ಲ. ಓಣಿಯ ಮೂಲೆಯಿಂದಲೇ ದನಿ ತೆಗೆಯುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು ತಲೆ ಮೇಲೆ ಕೈಹೊತ್ತು, “ಯವ್ವಾ, ಎಂಥಾ ಹೊತ್ತು ಬಂತವ್ವೋ” ಎಂದು ಶುರು ಮಾಡಿಯೇಬಿಟ್ಟರು. ಬಾಗಿಲುಗಳು ತೆರೆದವು. “ಶೈಲಾ ಅಳಕೋಂತ ಬರಾಕತ್ತಾಳ, ಏನಾತೋ ಏನೋ” ಎಂದು ಯಾರೋ ಕೂಗಿದರು.

ನನ್ನ ತಮ್ಮ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದಾನೆ. ಅವನು ಡ್ಯೂಟಿಗೆ ಹೋದರೆ ಮರಳಿ ಬರುವವರೆಗೆ ಅವ್ವನ ಜೀವ ಜೀವದಲ್ಲಿ ಇರುವುದಿಲ್ಲ. ಅಂದು ಅವನದು ಬೆಳಗಿನ ಪಾಳಿ. ಅವ್ವ ಹೊರಗೆ ಓಡಿಬಂದಳು. ನನ್ನ ಊದಿದ ಮುಖ ನೋಡಿದಳು. ತಮ್ಮನ ಹೆಸರು ಹಿಡಿದು ಕೂಗಿದವಳೇ ಕಟ್ಟೆಯ ಮೆಟ್ಟಿಲಿನಿಂದ ಜಾರಿ ಬಲಗೈ ಮೇಲೆ ಬಿದ್ದಳು.

“ಅವ್ವಾ, ತಮ್ಮಗ ಏನೂ ಆಗಿಲ್ಲ! ಯಾರಿಗೂ ಏನೂ ಆಗಿಲ್ಲ!” ಎಂದು ನಾನು ಚೀರುತ್ತಲೇ ಇದ್ದೆ. ಅವಳಿಗೆ ಅದು ಕೇಳಿಸಲು ಎಷ್ಟೋ ಹೊತ್ತು ಹಿಡಿಯಿತು.

“ಮತ್ತ ಈಕಿ ಅಪ್ಪ?” ಎಂದು ಸಿರುಗುಪ್ಪದ ತಾಯಿ ಕಂಗಾಲಾಗಿ ಕೇಳಿದರು. ಪಕ್ಕದ ಮನೆಯವರು, “ಅವರು ಹೋಗಿ ಎಂಟು ತಿಂಗಳಾತಲ್ರಿ” ಎಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಆ ತಾಯಿ ಮಾತ್ರ ಸಿಟ್ಟಾಗಲಿಲ್ಲ. ತಮ್ಮ ಚೀಲದಿಂದ ಒಂದು ಟವೆಲ್ ತೆಗೆದು ಅವ್ವನ ಮಣಿಕಟ್ಟಿಗೆ ಕಟ್ಟುತ್ತ, “ಬೈಬ್ಯಾಡ್ರಿ ಅಕ್ಕಾರ. ಪಾಪ, ಅಪ್ಪನ್ನ ನೆನಸಿ ಬಸ್ಸಿನಾಗ ಎಷ್ಟು ಅತ್ತಳು ಗೊತ್ತೇನು” ಎಂದರು.

ಅವ್ವನ ಮುಖದಲ್ಲಿ ಆಗ ಕಂಡದ್ದನ್ನು ಹೇಗೆ ಬರೆಯಲಿ? ಮುರಿದ ಕೈಯ ನೋವಿನಲ್ಲೂ ಅವಳ ಮುಖ ಅರಳಿತು. ಎಡಗೈಯಿಂದ ನನ್ನ ಕೆನ್ನೆ ಸವರಿ, “ಅತ್ತೇನವ್ವಾ? ನಿಮ್ಮಪ್ಪಗ ಅತ್ತೇನು?” ಎಂದು ಕೇಳಿದಳು.

“ಹೂಂ” ಎಂದೆ.

ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದ ಮೇಲೆ ಅವ್ವ ಮಾಡಿದ ಮೊದಲ ಕೆಲಸ ಸೋದರತ್ತೆಗೆ ಫೋನ್. “ನನ್ನ ಮಗಳು ಅಳಲಿಲ್ಲ ಅಂತಿದ್ದೆಲ್ಲ? ಬಸ್ಸಿನಾಗ ಮಂದಿ ಹಿಡಕೋಬೇಕಾತಂತ” ಎಂದು ಹೇಳಿದಳು. ಆಮೇಲೆ ಚಿಕ್ಕಮ್ಮನಿಗೆ. ಆಮೇಲೆ ಇನ್ನೊಬ್ಬರಿಗೆ. ಪ್ರತಿ ಸಲವೂ ಅಪ್ಪನ ಫೋಟೋ ಕಡೆ ನೋಡುತ್ತ ಹೇಳುತ್ತಿದ್ದಳು. ಎಂಟು ತಿಂಗಳು ಅವಳು ಇದನ್ನೇ ಕಾಯುತ್ತಿದ್ದಳೆಂದು ನನಗೆ ಆಗ ತಿಳಿಯಿತು.

ನಾಲ್ಕನೆಯ ಫೋನಿಗೆ ನನಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಫೋನ್ ಇಸಿದುಕೊಂಡು ಕಟ್ ಮಾಡಿ, ಅವಳಿಗೆ ಎಲ್ಲ ಹೇಳಿಬಿಟ್ಟೆ. ಪುಸ್ತಕವನ್ನೂ ತೋರಿಸಿದೆ. ಹೇಳದೇ ಇರಬಹುದಾಗಿತ್ತು. ಅಪ್ಪನ ಸಲುವಾಗಿ ಮಾಡದ್ದನ್ನು ಮಾಡಿದೆ ಎನ್ನಿಸಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ನನ್ನ ಪ್ರಾಮಾಣಿಕತೆಯಿಂದ ಯಾರಿಗೆ ಏನು ಬಂತು?

ಅವ್ವ ಪುಸ್ತಕದ ರಕ್ಷಾಪುಟ ನೋಡಿದಳು. “ಕಲ್ಲಿನ ನಾಯಿಗೆ?” ಎಂದಳು. ಅಷ್ಟೇ. ಆಮೇಲೆ ಯಾರಿಗೂ ಫೋನ್ ಮಾಡಲಿಲ್ಲ.

ಆ ನಾಯಿಯಲ್ಲಿ ನೀನು ನಿಮ್ಮಪ್ಪನನ್ನೇ ಕಂಡಿರಬೇಕು ಎಂದು ಗಂಡ ಸಮಾಧಾನ ಹೇಳುತ್ತಾರೆ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅಪ್ಪ ಮಾತು ಕೂಡಿಟ್ಟವರಲ್ಲ, ಇಡೀ ಊರಿಗೆ ಹಂಚಿದವರು. ನಾನು ಅತ್ತದ್ದು ನಾಯಿಗೇ. ಹುಡುಗಿಗೆ ಪುಸ್ತಕ ವಾಪಸು ಕೊಟ್ಟು ನನ್ನದೇ ಒಂದು ಪ್ರತಿ ಕೊಂಡೆ. ಅಪ್ಪನ ಫೋಟೋ ಮುಂದೆ ಕೂತು ಆ ಪುಟ ಎಷ್ಟೋ ಸಲ ಓದಿದ್ದೇನೆ. ನಾಯಿಯಿಂದ ಶುರುವಾದ ಅಳು ಅಪ್ಪನವರೆಗೆ ಹೋದೀತೇನೋ ಎಂಬ ಆಸೆ. ಈಗ ನಾಯಿಗೂ ಬರುವುದಿಲ್ಲ.

ಅವ್ವನ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ರೊಟ್ಟಿ ಬಡಿಯಲು ಆಗುವುದಿಲ್ಲ. ನಾನು ಹೋದಾಗಲೆಲ್ಲ ವಾರಕ್ಕಾಗುವಷ್ಟು ಬಡಿದಿಟ್ಟು ಬರುತ್ತೇನೆ. ಹೋದ ತಿಂಗಳು ನಾನು ಒಲೆಯ ಮುಂದೆ ಕೂತಿದ್ದಾಗ ಅವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಸಿಟ್ಟಿಲ್ಲದೆ, ಮನೆಗೆಲಸ ಹೇಳುವ ದನಿಯಲ್ಲೇ ಹೇಳಿದಳು:

“ನಾ ಹೋದಾಗ ನೀ ಅಳದಿದ್ರೂ ನಡೀತೈತವ್ವಾ. ಬಂದವರಿಗೆ ಕುರ್ಚಿ ಹಾಕ್ಸು, ಸಾಕು.”

ಹೆಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ ನಾನು “ಹೂಂ” ಎಂದೆ.