ಕಾಮಣ್ಣನ ರಾಶಿಯಿಂದ ಕದ್ದ ಕಟ್ಟಿಗೆ

ಹೋಳಿ ಹತ್ತಿರ ಬಂದು ಹುಕ್ಕೇರಿಯ ನಮ್ಮ ಓಣಿಯಲ್ಲಿ ಹಲಗಿ ಸದ್ದು ಕೇಳಿದರೆ ಸಾಕು, ನಿವೃತ್ತಿಯಾಗಿ ಕೂತ ಈ ಜೀವ ಗೋಕಾಕಕ್ಕೆ ಓಡಿಬಿಡುತ್ತದೆ. ಅಲ್ಲಿ ನಾನು ಬಹಳ ವರ್ಷ ಪುಂಡ ಹುಡುಗರ ಜೊತೆ ಕೆಲಸ ಮಾಡಿದವಳು. ಆಗ ಯಾರಾದರೂ ಅವರನ್ನು ಪುಂಡರು ಅಂದರೆ ಮೈಮೇಲೆ ಹೋಗುತ್ತಿದ್ದೆ. ಈಗ ನನ್ನ ಬಾಯಲ್ಲೇ ಆ ಮಾತು ಬರುತ್ತದೆ, ಅದೂ ಪ್ರೀತಿಯಿಂದ.

ನಮಗಿಂತ ಹಿಂದಿನವರ ಕಾಲದಲ್ಲಿ ಇಂಥ ಹುಡುಗರಿಗೆ ಇದ್ದದ್ದು ಲಾಠಿ, ತಪ್ಪಿದರೆ ರಿಮ್ಯಾಂಡ್ ಹೋಮು. ಆಮೇಲೆ ಬಂದ ನಮ್ಮ ಸಂಸ್ಥೆಯವರು ಒಂದು ಖೋಲಿ ಬಾಡಿಗೆ ಹಿಡಿದು, ಕೇರಂ ಬೋರ್ಡು ಇಟ್ಟು, ಹುಡುಗರು ತಾವಾಗಿ ಬಂದು ಸುಧಾರಿಸುತ್ತಾರೆ ಎಂದು ಕಾದರು. ಬಂದವರು ವಕೀಲರ ಮಕ್ಕಳು, ಮಾಸ್ತರರ ಮಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಬೋರ್ಡನ್ನು ಅವರಿಗೇ ಬಿಟ್ಟು, ಮಾರ್ಕೆಟ್ಟಿನ ಹಿಂದೆ ನಮ್ಮ ಹುಡುಗರು ಕೂಡುವ ಕಡೆಗೇ ಹೋಗಿ ಕೂತೆ. ಎಷ್ಟೋ ದಿನ ಒಬ್ಬನೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕೊನೆಗೊಬ್ಬ ಕೇಳಿದ, “ನೀವು ಪೊಲೀಸರ ಕಡೆಯಾಕಿ ಏನ್ರಿ ಅಕ್ಕಾರ?”

“ನಿಮ್ಮ ಅವ್ವನ ಕಡೆಯಾಕಿ,” ಅಂದೆ. ಎಲ್ಲರೂ ನಕ್ಕರು. ಆವತ್ತು ಅವರು ಕುಡಿಸಿದ ಚಹಾದಂಥ ಚಹಾ ನಾನು ಮತ್ತೆ ಕುಡಿದಿಲ್ಲ.

ಹಾಗೆ ಕೇಳಿದವನೇ ಆ ಗುಂಪಿನ ನಾಯಕ. ಮೀಸೆ ಈಗ ಬರುತ್ತಿದ್ದ ಹುಡುಗ, ಆದರೆ ಅವನು ಎದ್ದರೆ ಎಲ್ಲರೂ ಏಳುತ್ತಿದ್ದರು. ತಂದೆ ಇರಲಿಲ್ಲ. ತಾಯಿ ಮೂಡಲಗಿಯಿಂದ ಬಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹೊಡೆದಾಟವೊಂದರಲ್ಲಿ ಸಿಕ್ಕಿಬಿದ್ದವನನ್ನು ಬಾಲನ್ಯಾಯ ಮಂಡಳಿ ನನ್ನ ನಿಗಾದಲ್ಲಿ ಮನೆಗೆ ಕಳಿಸಿತ್ತು. ಇನ್ನೊಂದು ದೂರು ಬಂದರೆ ಎಲ್ಲೋ ದೂರದ ಬಾಲಕರ ಮನೆಗೆ ಹೋಗಬೇಕು. ತಾಯಿ ನನ್ನನ್ನು ಕಂಡಾಗಲೆಲ್ಲ, “ಅವನ್ನ ನನ್ನ ಕಣ್ಣ ಮುಂದ ಇಡ್ರಿ ಅಕ್ಕಾರ, ಮತ್ತೇನೂ ಬ್ಯಾಡ,” ಅನ್ನುತ್ತಿದ್ದಳು.

ಅಷ್ಟರಲ್ಲಿ ಹೋಳಿ ಬಂತು. ಕಾಮಣ್ಣನನ್ನು ಸುಡಲು ಹುಡುಗರು ಕಂಡವರ ಮನೆಯ ಕಟ್ಟಿಗೆ, ಕುಳ್ಳು-ಬೆರಣಿ ಕದಿಯುವುದು ನಮ್ಮ ಕಡೆ ಕಳ್ಳತನದ ಲೆಕ್ಕಕ್ಕಿಲ್ಲ. ಬೈಗುಳ ಬೇಕಾದಷ್ಟು ಬೀಳುತ್ತವೆ, ಪೊಲೀಸರ ಮಾತು ಬರುವುದಿಲ್ಲ. ಒಮ್ಮೆ ಕಾಮಣ್ಣನ ರಾಶಿಗೆ ಬಿದ್ದದ್ದನ್ನು ಮಾಲೀಕನೂ ವಾಪಸ್ ಕೇಳುವಂತಿಲ್ಲ. ಬೇರೆಯವರು ಬಂದು ಆ ರಾಶಿಯಿಂದಲೇ ಕದ್ದರೆ ಮಾತ್ರ ನಡೆಯುತ್ತದೆ. ಅದಕ್ಕಾಗಿಯೇ ಹುಡುಗರು ಪಾಳಿ ಹಚ್ಚಿ ಕಾಯುತ್ತಾರೆ.

ನಮ್ಮ ಶಾಣ್ಯಾರು ಆ ವರ್ಷ ಮುರುಕು ಬಾಗಿಲು, ಹಳೆಯ ನೊಗ ಬಿಟ್ಟು, ಕಟ್ಟಿಗೆ ಗೊಂಬೆ ಮಾಡುವ ಮುದುಕನ ಹಿತ್ತಿಲಿಗೆ ನುಗ್ಗಿದರು. ಗೊಂಬೆಗೆಂದೇ ಅವನು ತಿಂಗಳುಗಟ್ಟಲೆ ಒಣಗಿಸಿಟ್ಟಿದ್ದ ಹಗುರ ಕಟ್ಟಿಗೆ ಅಷ್ಟನ್ನೂ ಹೊತ್ತು ತಂದರು. ಮರುದಿನ ಬೆಳಿಗ್ಗೆ ಮುದುಕ ನನ್ನ ಬಾಗಿಲಲ್ಲಿ ನಿಂತಿದ್ದ.

“ಕುಳ್ಳು ಒಯ್ಯಲಿ, ಹೊರಸು ಒಯ್ಯಲಿ, ನಾ ಬಾಯಿ ತೆಗಿಯಾಂವಲ್ರಿ. ಹುಡುಗಿದ್ದಾಗ ನಾನೂ ಒಯ್ದೇನಿ. ಇದು ನನ್ನ ಹೊಟ್ಟಿ. ಸಂಜಿ ಒಳಗ ಬರಲಿಲ್ಲಂದ್ರ ನಾ ಸ್ಟೇಷನ್ನಿಗೆ ಹೋಗಾಂವ.”

ನೆಟ್ಟಗೆ ಹುಡುಗರ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. ಅವರಿಗೇನು, ಈ ಕಿವಿಯಿಂದ ಹೊಕ್ಕು ಆ ಕಿವಿಯಿಂದ ಹೋಯಿತು. ನಾಯಕನನ್ನು ಬಾಜೂ ಕರೆದು ಕೂಡಿಸಿಕೊಂಡೆ.

“ಮುದುಕಂದು ಖರೆ ಐತ್ರಿ,” ಅಂದ. “ಆದ್ರ ಕಾಮಣ್ಣಗ ಬಿದ್ದದ್ದು ನಾ ಹೊಳ್ಳಿ ಕೊಟ್ರ ಇವರೊಳಗ ನನ್ನ ಯಾರು ಕೇಳ್ತಾರ್ರಿ?”

“ನೀ ಒಳಗ ಹೋದ್ರ ನಿಮ್ಮವ್ವ ಯಾರ ಮಾರಿ ನೋಡಿಕೋತ ಕುಂದ್ರಬೇಕೋ?”

ಅವನು ಎದ್ದು ರಾಶಿ ಕಾಯಲು ಹೋದ. ಕಾಮಣ್ಣನ ಕಾನೂನು ನನಗೂ ಗೊತ್ತಿತ್ತಲ್ಲ, ಅದರಲ್ಲೇ ದಾರಿ ಹುಡುಕಿದೆ. ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ, ಕಾಯಿಪಲ್ಲೆ ಮಾರುವವಳ ಕೈಗಾಡಿ ಇಸಿದುಕೊಂಡು, ಸೆರಗು ಬಿಗಿದು, ರಾಶಿಗೆ ಕೈ ಹಾಕಿದೆ. ಕಾವಲಿಗೆ ಅವನೊಬ್ಬನೇ ಇದ್ದ. ಕೂಗಿದ್ದರೆ ಓಣಿಗೆ ಓಣಿಯೇ ಓಡಿಬರುತ್ತಿತ್ತು. ಅವನು ಕೂಗಲಿಲ್ಲ. ನಾನು ಏದುಸಿರು ಬಿಡುತ್ತ ಕಟ್ಟಿಗೆ ಎಳೆಯುವುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಇನ್ನೊಂದು ತುದಿ ಹಿಡಿದ. ಮುದುಕನ ಹಿತ್ತಿಲವರೆಗೂ ಗಾಡಿ ದೂಡಿದವನು ಅವನೇ.

ಮುದುಕ ಸ್ಟೇಷನ್ನಿಗೆ ಹೋಗಲಿಲ್ಲ. ತಾಯಿ ಖಾನಾವಳಿಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ಕೈ ಹಿಡಿದು ಅತ್ತಳು. ನಾನು ಗೆದ್ದವಳಂತೆ ಮನೆಗೆ ಹೋಗಿ ಹೋಳಿಗೆಗೆ ಬೇಳೆ ನೆನೆಹಾಕಿದೆ.

ಮರುದಿನ ಬೆಳಿಗ್ಗೆ ಹಲಗಿ ಬಡಿಯುತ್ತ ಹುಡುಗರ ಗುಂಪು ನಮ್ಮ ಮನೆ ಮುಂದೆ ಹಾಯಿತು. ಮುಂದೆ ಬೇರೊಬ್ಬನಿದ್ದ. ನಮ್ಮ ನಾಯಕ ತೀರಾ ಹಿಂದೆ, ಹಲಗಿಯಿಲ್ಲದೆ ಬರಿಗೈಯಲ್ಲಿ ಬರುತ್ತಿದ್ದ. ಒಬ್ಬ ತಿರುಗಿ ಏನೋ ಅಂದ, ಎಲ್ಲರೂ ನಕ್ಕರು, ಅವನು ಅಲ್ಲೇ ನಿಂತುಬಿಟ್ಟ. ಗುಂಪು ಮುಂದೆ ಹೋಯಿತು.

ಹತ್ತಿರ ಕರೆದು, “ಕದ್ದಾಕಿ ನಾನು ಅಂತ ಹೇಳ್ತೀನಿ ತಡಿ, ನಿನ್ನ ಹೆಸರು ಬರಂಗಿಲ್ಲ,” ಅಂದೆ.

“ಹೇಳಬ್ಯಾಡ್ರಿ ಅಕ್ಕಾರ. ನಾ ಎತ್ತಿ ಕೊಟ್ಟದ್ದು ಖರೆ ಐತಿ, ನಾನಽ ಹೇಳೇನಿ.” ಹಲಗಿ ಹೋದ ದಿಕ್ಕನ್ನೇ ನೋಡುತ್ತಿದ್ದ. “ಅವ್ವನ ಕಣ್ಣ ಮುಂದ ಅಂತೂ ಉಳದೆ. ಆದ್ರ ದಿನಾ ಸಂಜಿ ಆದಮ್ಯಾಲ ನಾ ಎಲ್ಲಿ ಹೋಗಿ ಕುಂದ್ರಲ್ರಿ?”

ಇಷ್ಟು ವರ್ಷದಲ್ಲಿ ನಾನು ಎಷ್ಟೋ ತರಬೇತಿಗಳಲ್ಲಿ ಕೂತೆ, ಎಷ್ಟೋ ಕಡೆ ನಾನೇ ಪಾಠ ಹೇಳಿದೆ. ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆವತ್ತು ನಾನು ಬಾಗಿಲ ಮೆಟ್ಟಿಲಲ್ಲಿ ಒಂದಿಷ್ಟು ಸರಿದೆ. ಅವನು ಬಂದು ಕೂತ. ಮರುದಿನ ಸಂಜೆಯೂ ಬಂದ.