ಇನಾಯತುಲ್ಲಾ ಮೇಷ್ಟ್ರು ತಿದ್ದಿದ ವಾಕ್ಯ

ಐರ್ಲೆಂಡಿನ ಕ್ಲಾಂಡಾಲ್ಕಿನ್ನಿನ ಆ ಸುಟ್ಟ ಸಮುದಾಯ ಭವನದ ಮುಂದೆ ಪ್ರತಿ ಶನಿವಾರ ಬೆಳಿಗ್ಗೆ ಎಂಟೂವರೆಗೇ ಬಂದು ನಿಲ್ಲುತ್ತಿದ್ದವರು ಇನಾಯತುಲ್ಲಾ ಮೇಷ್ಟ್ರು. ಬೀಗದ ಕೈ ಇದ್ದದ್ದು ಬ್ರೀಡಾ ಎಂಬ ಅಲ್ಲಿನ ಹೆಂಗಸಿನ ಬಳಿ, ಆಕೆ ಬರುವುದು ಒಂಬತ್ತಕ್ಕೆ. ಅಷ್ಟು ಬೇಗ ಬನ್ನಿ ಎಂದು ಇವರನ್ನು ಯಾರು ಕರೆದಿದ್ದರು? ಯಾರೂ ಇಲ್ಲ. ಶಿರಾದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಪ್ರಾರ್ಥನೆಯ ಗಂಟೆಗೆ ಅರ್ಧ ತಾಸು ಮುಂಚೆ ಗೇಟಿನಲ್ಲಿ ನಿಂತು ತಡವಾಗಿ ಬಂದ ಹುಡುಗರ ಕಿವಿ ಹಿಂಡಿದ ಕೈ ಅದು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ಅವರು ಐರ್ಲೆಂಡಿಗೆ ಬಂದದ್ದು ಹೆಂಡತಿಯ ಹಿಂದೆ. ಅಖ್ತರ್ ಬೇಗಂಗೆ ಸ್ಯಾಂಡಿಫರ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ದಿನಾ ಎರಡು ಲುವಾಸ್ ರೈಲು ಬದಲಿಸಿ ಹೋಗಿ ಬರುತ್ತಾಳೆ. ಮೇಷ್ಟ್ರ ಸರ್ಟಿಫಿಕೇಟುಗಳನ್ನು ನೋಡಿದ ಇಲ್ಲಿಯ ಶಾಲೆಗಳು ನಯವಾಗಿ ನಕ್ಕು ವಾಪಸ್ಸು ಕೊಟ್ಟವು. ಕೊನೆಗೆ ಸಿಕ್ಕಿದ್ದು ಇಂಡಸ್ಟ್ರಿಯಲ್ ಎಸ್ಟೇಟಿನ ಗೋದಾಮಿನಲ್ಲಿ ಡಬ್ಬ ಎತ್ತಿಡುವ ಕೆಲಸ. ಅಲ್ಲಿ ಇವರನ್ನು 'ಇನ್ನಿ' ಅಂತ ಕೂಗುತ್ತಿದ್ದರು. ಇನ್ನಿಯಂತೆ! ಶಿರಾದಲ್ಲಿ ಇವರು ರಸ್ತೆಗಿಳಿದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದ ಜನ ಅದನ್ನು ಕೇಳಿದ್ದರೆ ಏನನ್ನುತ್ತಿದ್ದರೋ.

ಹಾಗಾಗಿ ಶನಿವಾರ ಅವರ ಪಾಲಿಗೆ ಹಬ್ಬ. ಆ ಭವನದಲ್ಲಿ ವಲಸಿಗರನ್ನು ಇಡುತ್ತಾರಂತೆ ಎಂಬ ಗಾಳಿಮಾತು ಕೇಳಿ ಯಾರೋ ಪುಣ್ಯಾತ್ಮರು ಅದಕ್ಕೆ ಬೆಂಕಿ ಇಟ್ಟಿದ್ದರು. ಅದನ್ನು ಮತ್ತೆ ಎಬ್ಬಿಸಲು ಬ್ರೀಡಾ ಹತ್ತಿಪ್ಪತ್ತು ಜನರನ್ನು ಕಲೆಹಾಕಿದ್ದಳು. ಮಧ್ಯಾಹ್ನದವರೆಗೆ ಮಸಿ ಕೆರೆಯುವುದು, ಕಲ್ಲು ಹೊರುವುದು, ಗಿಲಾವು ಹಚ್ಚುವುದು. ಊಟವಾದ ಮೇಲೆ, ಸೂರು ಉಳಿದಿದ್ದ ಒಂದೇ ಒಂದು ಕೋಣೆಯಲ್ಲಿ, ಆಶ್ರಯ ಕೇಳಿ ಬಂದು ಹತ್ತಿರದ ವಸತಿಯಲ್ಲಿ ಕಾಯುತ್ತಿದ್ದವರಿಗೆ ಮೇಷ್ಟ್ರ ಇಂಗ್ಲಿಷ್ ಪಾಠ. ಅಲ್ಲಿ ಅವರು 'ಸರ್'.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಖ್ತರ್ ಬೇಗಂ ಛೇಡಿಸುತ್ತಿದ್ದಳು. ಮನೆಯಲ್ಲಿ ಅವರದು ಉರ್ದು; ಸಿಟ್ಟಿಗೂ ತಮಾಷೆಗೂ ಮಾತ್ರ ಕನ್ನಡ. "ಶನಿವಾರ ಒಂದು ದಿನ ನನ್ ಜೊತೆ ಅಂಗಡಿಗೆ ಬಂದ್ರೆ ನಿಮ್ ಗಂಟೇನು ಹೋಗ್ತೈತೆ?"

"ಪಾಠ ಐತೆ ಕಣೇ" ಎನ್ನುವರು ಮೇಷ್ಟ್ರು, ಗವರ್ನರ್ ಮೀಟಿಂಗ್ ಇದೆ ಎಂಬ ಗತ್ತಿನಲ್ಲಿ.

ಗೋಡೆಯ ಕೆಲಸದಲ್ಲಿ ಮಾತ್ರ ಮೇಷ್ಟ್ರು ದಡ್ಡ ವಿದ್ಯಾರ್ಥಿ. ಅಲ್ಲಿಯ ಗುರು ಇಸ್ಹಾಕ್, ಸೂಡಾನಿನಿಂದ ಬಂದ ಗಾರೆ ಕೆಲಸದವನು, ಮೂವತ್ತರ ಆಸುಪಾಸಿನ ಉದ್ದನೆಯ ಮನುಷ್ಯ. ಮೇಷ್ಟ್ರು ಹಚ್ಚಿದ ಗಿಲಾವನ್ನು ಸುಮ್ಮನೆ ನೋಡಿ, ಕರಣೆಯಿಂದ ಕೆರೆದು ಕೆಡವಿ, ಮತ್ತೆ ಹಚ್ಚಿ ತೋರಿಸುತ್ತಿದ್ದ. "ಸರ್, ಕೈ ಸಿಟ್ಟು ಬೇಡ. ಕೈ ನಿದ್ದೆ" ಎನ್ನುತ್ತಿದ್ದ. ಅವನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಹೀಗೇ ಹೇಳಬೇಕು. ಅದರಲ್ಲಿ ಕೈಯೂ ಇತ್ತು, ನಿದ್ದೆಯೂ ಇತ್ತು, ಮಿಕ್ಕಿದ್ದೇನೂ ಇರಲಿಲ್ಲ. ಮೇಷ್ಟ್ರ ಕಿವಿಗೆ ಆ ಭಾಷೆ ಸ್ಲೇಟಿನ ಮೇಲೆ ಉಗುರು ಎಳೆದಂತೆ ಕೇಳುತ್ತಿತ್ತು. ಆದರೂ ಅವನ ಮೇಲೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಮೇಷ್ಟ್ರು ಮಕ್ಕಳಿಲ್ಲದ ಮನುಷ್ಯ; ಅಖ್ತರ್ ಬೇಗಂ ಮಾಡಿದ ಕೀಮಾ ಪರಾಠೆಯಲ್ಲಿ ಒಂದು ಪಾಲು ಶನಿವಾರ ಶನಿವಾರ ಡಬ್ಬಿಯಲ್ಲಿ ಇಸ್ಹಾಕನಿಗೆ ಹೋಗುತ್ತಿತ್ತು.

ಮಾರ್ಚಿನಲ್ಲಿ ಇಸ್ಹಾಕನಿಗೆ ಆಶ್ರಯದ ಅರ್ಜಿಯ ಸಂದರ್ಶನದ ಕಾಗದ ಬಂತು. ಎರಡು ವರ್ಷದಿಂದ ಕಾದಿದ್ದ ಕಾಗದ. ಒಂದು ಕೋಣೆಯಲ್ಲಿ ಕೂರಿಸಿ, ನೀನು ನಿನ್ನ ದೇಶ ಬಿಟ್ಟದ್ದು ಏಕೆ ಎಂದು ಕೇಳುತ್ತಾರೆ. ಹೇಳಿದ್ದು ನಿಜವೆನ್ನಿಸಿದರೆ ಇರಬಹುದು, ಇಲ್ಲದಿದ್ದರೆ ಹೊರಡಬೇಕು. ಕಾಗದವನ್ನು ಅವನು ಬ್ರೀಡಾಳಿಗೆ ತೋರಿಸಲಿಲ್ಲ, ನೇರ ಮೇಷ್ಟ್ರ ಕೈಗೆ ತಂದುಕೊಟ್ಟ.

"ಏನು ಹೇಳ್ತೀಯ ಅಲ್ಲಿ? ನನಗೆ ಹೇಳು ನೋಡೋಣ" ಎಂದರು ಮೇಷ್ಟ್ರು.

ಇಸ್ಹಾಕ್ ಗಾರೆಯ ಬಾಣಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನೆಲ ನೋಡಿಕೊಂಡು ಹೇಳಿದ: "ಗನ್ ಜನ ಬಂದ್ರು. ಮನೆ ಬೆಂಕಿ. ಅಮ್ಮ ಬಾವಿ ಒಳಗೆ. ನಾನು ಹಗ್ಗ ಬಿಟ್ಟೆ. ಹಗ್ಗ ಚಿಕ್ಕದು. ಅಮ್ಮನ ಕೈ, ಹಗ್ಗ, ಮಧ್ಯ ಇಷ್ಟು." ಎರಡು ಅಂಗೈ ಎದುರುಬದುರು ಹಿಡಿದು ಒಂದು ಮೊಳ ತೋರಿಸಿದ. "ಅಮ್ಮ ಹೇಳಿದ್ಲು, ಹೋಗು. ನಾನು ಹೋದೆ."

ಮೇಷ್ಟ್ರು ಅತ್ತರು. ಸುಳ್ಳಲ್ಲ, ಗಾರೆ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು ಉರಿ ಹತ್ತಿಸಿಕೊಂಡರು. ಅತ್ತು ಮುಗಿದ ಮೇಲೆ, ಅಯ್ಯೋ ದೇವರೇ, ಮೂಗು ಒರೆಸಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದರು.

ಅವರನ್ನು ಬೈಯಬೇಕೋ, ಪಾಪ ಎನ್ನಬೇಕೋ ತಿಳಿಯದು. ಅವರು ಬೆಳೆದ ಶಾಲೆಯೂ ಕಲಿಸಿದ ಶಾಲೆಯೂ ಹಾಗೇ ಇತ್ತು. ಹಸುವಿನ ಬಗ್ಗೆ ಪ್ರಬಂಧ ಬರೆಯಬೇಕಾದರೆ ಯಾರೂ ಹಿತ್ತಲಿಗೆ ಹೋಗಿ ಹಸು ನೋಡುತ್ತಿರಲಿಲ್ಲ. ಮೇಷ್ಟ್ರು ನೋಟ್ಸು ಕೊಡುತ್ತಿದ್ದರು, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಒಂದಕ್ಷರ ತಪ್ಪದೆ ಬರೆದವನಿಗೆ ಹತ್ತಕ್ಕೆ ಒಂಬತ್ತು. ಎಷ್ಟು ಬಡ ಮಕ್ಕಳು ಇವರ ನೋಟ್ಸು ಹಿಡಿದು ಎಸ್ಸೆಸ್ಸೆಲ್ಸಿ ದಾಟಿ ಡಾಕ್ಟರು, ತಹಶೀಲ್ದಾರರು ಆಗಲಿಲ್ಲ? ಆ ನಂಬಿಕೆಯ ಮೇಲೇ ಇಸ್ಹಾಕನಿಗೂ ನೋಟ್ಸು ತಯಾರಾಯಿತು. ನಾಲ್ಕು ಪುಟ, ಹದಿನಾಲ್ಕು ಪ್ರಶ್ನೆ, ಹದಿನಾಲ್ಕು ಉತ್ತರ. ತಾಯಿಯ ಉತ್ತರವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ನನ್ನ ಪೂಜ್ಯ ತಾಯಿಯವರು ದುರದೃಷ್ಟಕರ ಸನ್ನಿವೇಶವೊಂದರಲ್ಲಿ ಇಹಲೋಕ ತ್ಯಜಿಸಿದರು. ಇದು ನನ್ನ ಬಾಳಿನಲ್ಲಿ ತುಂಬಲಾರದ ನಷ್ಟ.'

ಬಾವಿ ಹೋಯಿತು. ಹಗ್ಗ ಹೋಯಿತು. ಆ ಒಂದು ಮೊಳವೂ ಹೋಯಿತು.

ಆರು ವಾರ ಶನಿವಾರ, ಭಾನುವಾರ ಎರಡೂ ದಿನ ತಾಲೀಮು ನಡೆಯಿತು. ಇಸ್ಹಾಕ್ ಕೈಕಟ್ಟಿ ನಿಂತು ಹೇಳಬೇಕು, ಮೇಷ್ಟ್ರು ಪುಟದ ಮೇಲೆ ಬೆರಳಿಟ್ಟು ನೋಡಬೇಕು. "ಒಂದಕ್ಷರ ತಪ್ಪಬಾರದು" ಎನ್ನುವರು. ತಪ್ಪಿದರೆ ಮತ್ತೆ ಮೊದಲಿಂದ.

ಬ್ರೀಡಾ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಏನು ಕೇಳಿದರೂ 'ಗ್ರ್ಯಾಂಡ್', ಅಂದರೆ ಭೇಷ್, ಎನ್ನುವ ಆ ಹೆಂಗಸು ಅವತ್ತು ಮಾತ್ರ ಹಾಗೆನ್ನಲಿಲ್ಲ. "ಅವನ ಭಾಷೆಯ ದುಭಾಷಿಯನ್ನು ಸಂದರ್ಶನದವರೇ ಕೊಡುತ್ತಾರೆ. ಅವನ ಮಾತಿನಲ್ಲೇ ಅವನು ಹೇಳಲಿ, ಇನಾಯತ್" ಎಂದಳು.

ಮೇಷ್ಟ್ರಿಗೆ ರೇಗಿತು. ಮನೆಗೆ ಬಂದು ಹೆಂಡತಿಯ ಮುಂದೆ ಕನ್ನಡದಲ್ಲಿ ಕೂಗಾಡಿದರು. "ದುಭಾಷಿ ಇಟ್ಕೊಂಡ್ರೆ ಇವನು ದಡ್ಡ ಅಂತ ಬರ್ಕೋತಾರೆ. ಇಂಗ್ಲಿಷಲ್ಲಿ ಠಾಕುಠೀಕಾಗಿ ಮಾತಾಡಿದ್ರೆ ಎದ್ದು ಕುರ್ಚಿ ಕೊಡ್ತಾರೆ! ನನಗೆ ಹೇಳ್ಕೊಡೋಕೆ ಬರ್ತಾಳೆ ಇವಳು."

"ಅವ್ರ ದೇಶ, ಅವ್ರಿಗೆ ಗೊತ್ತಿರಲ್ವಾ?" ಎಂದಳು ಅಖ್ತರ್ ಬೇಗಂ.

"ನೀನು ಸುಮ್ನಿರು" ಎಂದರು.

ಇಸ್ಹಾಕ್ ದುಭಾಷಿ ಬೇಡವೆಂದು ಬರೆದುಕೊಟ್ಟ. ಸಂದರ್ಶನ ಮುಗಿದ ಸಂಜೆ ಬಸ್ಸಿಳಿದವನೇ ನೇರ ಮೇಷ್ಟ್ರ ಮನೆಗೆ ಬಂದ, ಕೈಯಲ್ಲಿ ಒಂದು ಡಬ್ಬಿ ಖರ್ಜೂರ. "ಸರ್, ತಪ್ಪು ಇಲ್ಲ. ಒಂದು ತಪ್ಪು ಇಲ್ಲ!" ಎಂದು ನಕ್ಕ. ಹಾಗೆ ನಕ್ಕಿದ್ದನ್ನು ಅವರು ಅದೇ ಮೊದಲು ನೋಡಿದ್ದು. ಆ ರಾತ್ರಿ ಮೇಷ್ಟ್ರು ಊಟಕ್ಕೆ ಕೂತಾಗ ಹೆಂಡತಿಗೆ, ನೋಡಿದ್ಯಾ, ಎಂದು ಮೂರು ಸಲ ಹೇಳಿದರು.

ಮೇ ತಿಂಗಳಲ್ಲಿ ಉತ್ತರ ಬಂತು. ಅದನ್ನೂ ಇಸ್ಹಾಕ್ ಒಡೆಯದೆ ತಂದ. ಗೋಡೆಗೆ ಒರಗಿಸಿದ್ದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, "ಸರ್ ಓದಿ" ಎಂದ. ಫಲಿತಾಂಶ ಕೇಳಲು ನಿಂತ ಹುಡುಗರ ಮುಖ ಮೇಷ್ಟ್ರಿಗೆ ಗೊತ್ತು, ಅದೇ ಮುಖ.

ಮೇಷ್ಟ್ರು ಮೊದಲ ಪುಟ ಗಟ್ಟಿಯಾಗಿ ಓದಿದರು. ಎರಡನೇ ಪುಟಕ್ಕೆ ದನಿ ಇಳಿಯಿತು. ಮೂರನೇ ಪುಟದಲ್ಲಿ ನಿಂತೇಹೋಯಿತು. ಅಲ್ಲಿ ಬರೆದಿತ್ತು: ತಾಯಿಯ ಸಾವಿನ ಬಗ್ಗೆ ಮೂರು ಸಲ ಕೇಳಿದರೂ ಅರ್ಜಿದಾರರು ಒಂದೇ ವಾಕ್ಯವನ್ನು ಒಂದಕ್ಷರ ಬದಲಿಸದೆ ಹೇಳಿದರು. ಎಲ್ಲಿ, ಹೇಗೆ, ಯಾರ ಎದುರು ಎಂಬ ಯಾವ ವಿವರವನ್ನೂ ಕೊಡಲಿಲ್ಲ. ಇದು ಕಲಿತು ಒಪ್ಪಿಸಿದ ಹೇಳಿಕೆಯಂತಿದೆ; ಕಂಡು ಅನುಭವಿಸಿದವರ ಮಾತಿನಂತಿಲ್ಲ. ಆದ್ದರಿಂದ ನಂಬಲು ಸಾಧ್ಯವಿಲ್ಲ.

"ಸರ್? ಪಾಸ್?" ಎಂದ ಇಸ್ಹಾಕ್.

ಎಂಥ ಮನುಷ್ಯನೂ ಆ ಹೊತ್ತಿನಲ್ಲಿ ಒಂದು ಸುಳ್ಳು ಹುಡುಕುತ್ತಾನೆ. ಮೇಷ್ಟ್ರೂ ಹುಡುಕಿದರು, ಸಿಗಲಿಲ್ಲ. "ನೀನು ಫೇಲಾಗಿಲ್ಲಪ್ಪ. ನಾನು ಫೇಲಾದೆ" ಎಂದರು. ಇಸ್ಹಾಕನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಬಿಡಿಸಿ ಹೇಳಬೇಕಾಯಿತು. ಅವನು ತಲೆ ತಗ್ಗಿಸಿ ಕೇಳಿಕೊಂಡ, ಎದ್ದ, ಕಲಸಿಟ್ಟ ಗಾರೆ ಗಟ್ಟಿಯಾಗುತ್ತದೆಂದು ಹೋಗಿ ಗೋಡೆಗೆ ಹಚ್ಚತೊಡಗಿದ.

ಮೇಲ್ಮನವಿಗೆ ಅವಕಾಶವಿತ್ತು. ಬ್ರೀಡಾ ಒಬ್ಬ ವಕೀಲೆಯನ್ನು ಹಿಡಿದು ತಂದಳು. ಮೇಷ್ಟ್ರಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ತಪ್ಪು ನಿಮ್ಮದೆಂದು ಒಂದು ಕಾಗದ ಬರೆದುಕೊಡಿ ಎಂದು ವಕೀಲೆ ಕೇಳಿದಳು. ಮೇಷ್ಟ್ರು ಅಡುಗೆಮನೆಯ ಮೇಜಿನ ಮುಂದೆ ಕೂತರು. 'ಘನ ಸನ್ನಿಧಾನದಲ್ಲಿ ಈ ವಿನಮ್ರನು ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂದು ಪೆನ್ನು ತಾನೇ ಹೊರಟಿತು. ಹರಿದರು. ಮತ್ತೆ ಅದೇ ಬಂತು. ನಾಲ್ಕು ಹಾಳೆ ಹರಿದ ಮೇಲೆ ತಲೆಗೆ ತಾವೇ ಹೊಡೆದುಕೊಂಡರು.

ಅಖ್ತರ್ ಬೇಗಂ ಕೈ ಹಿಡಿದುಕೊಂಡಳು. "ರೀ, ಏನಾಯ್ತೋ ಅಷ್ಟು ಬರೀರಿ. ನನಗೆ ಹೇಳ್ದಂಗೆ ಬರೀರಿ."

ಅವರು ಬರೆದದ್ದು ಕೊನೆಗೆ ಮೂರು ಸಾಲು. ಬಾವಿ ನಿಜ. ಹಗ್ಗ ನಿಜ. ತೆಗೆದುಹಾಕಿದವನು ನಾನು.

ವಿಚಾರಣೆಯಲ್ಲಿ ಈ ಸಲ ದುಭಾಷಿ ಇರುತ್ತಾರೆ, ಬಾವಿಯ ವಿಷಯವನ್ನು ಇಸ್ಹಾಕನೇ ಬಾಯಿಬಿಟ್ಟು ಹೇಳಬೇಕು, ಹೇಳಿದರೆ ಈ ಕಾಗದಕ್ಕೂ ಬೆಲೆ ಎಂದಳು ವಕೀಲೆ. ಅಷ್ಟೇ ತಾನೇ? ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮುಂದಿನ ಶನಿವಾರವೇ ಇಸ್ಹಾಕನನ್ನು ಕೂರಿಸಿಕೊಂಡು ನೋಟ್ಸನ್ನು ಅವನ ಕಣ್ಣೆದುರೇ ಹರಿದು ಹಾಕಿದರು. "ಅವತ್ತು ನನಗೆ ಹೇಳಿದೆಯಲ್ಲ, ಗಾರೆ ಬಾಣಲಿ ಹತ್ತಿರ. ಹಾಗೇ ಹೇಳು. ಬಾವಿ ಹೇಳು. ಹಗ್ಗ ಹೇಳು" ಎಂದರು.

ಇಸ್ಹಾಕ್ ಹರಿದ ಚೂರುಗಳನ್ನು ಒಂದೊಂದೇ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ.

"ಬೇಡ ಸರ್" ಎಂದ.

"ಯಾಕಪ್ಪ?"

"ಮೊದಲು, ಕಣ್ಣು ಮುಚ್ಚು, ಬಾವಿ. ದಿನಾ ಬಾವಿ. ಅಮ್ಮ ಹೋಗು ಹೇಳ್ತಾಳೆ, ನಾನು ಹೋಗ್ತೀನಿ. ಆಮೇಲೆ ಸರ್ ವಾಕ್ಯ ಕೊಟ್ರು. ಮಲಗೋವಾಗ ಸರ್ ವಾಕ್ಯ ಹೇಳ್ತೀನಿ. ಸರ್ ವಾಕ್ಯದಲ್ಲಿ ಬಾವಿ ಇಲ್ಲ." ಅವನು ಮೇಷ್ಟ್ರ ಕೈ ಹಿಡಿದುಕೊಂಡ; ಬೇಡಿಕೊಳ್ಳುವ ಹಾಗೆ ಹಿಡಿದುಕೊಂಡ. "ವಾಪಸ್ ತಗೋಬೇಡಿ ಸರ್."

ಮೇಷ್ಟ್ರು ಬೈದರು, ಗೋಗರೆದರು, ನಿನ್ನಮ್ಮನ ಆಣೆ ಎಂದರು, ಹಾಗೆಂದದ್ದಕ್ಕೆ ತಾವೇ ನಾಲಗೆ ಕಚ್ಚಿಕೊಂಡರು. ಜೂನ್, ಜುಲೈ, ಆಗಸ್ಟ್, ಪ್ರತಿ ಶನಿವಾರ ಕೇಳಿದರು. ಇಸ್ಹಾಕ್ ಗೋಡೆ ಕಡೆ ತಿರುಗಿಕೊಂಡು ಕೆಲಸ ಮಾಡಿದ. ಕಿಟಕಿಗಳ ಸುತ್ತ, ಬಾಗಿಲ ಕಮಾನಿಗೆ, ಒಳಗಿನ ಇಡೀ ಉದ್ದ ಗೋಡೆಗೆ ಅವನದೇ ಗಿಲಾವು. ಇಂಥ ಕೈ ಐರ್ಲೆಂಡಿನಲ್ಲೇ ಸಿಗುವುದಿಲ್ಲ ಎಂದು ಬ್ರೀಡಾ ಎಲ್ಲರಿಗೂ ಹೇಳುತ್ತಿದ್ದಳು.

ವಿಚಾರಣೆ ಅಕ್ಟೋಬರಿನಲ್ಲಿ ಆಯಿತು. ಬಾಗಿಲು ಮುಚ್ಚಿದ ಕೋಣೆ, ಮೇಷ್ಟ್ರನ್ನು ಒಳಗೆ ಬಿಡಲಿಲ್ಲ. ಹೊರಗೆ ಬಂದ ವಕೀಲೆ ಇವರ ಮುಖ ನೋಡದೆ ಹೋದಳು. ನವೆಂಬರಿನಲ್ಲಿ ಮನವಿ ವಜಾ ಆದ ಕಾಗದ ಬಂತು. ಇಂತಿಷ್ಟು ದಿನದಲ್ಲಿ ದೇಶ ಬಿಡಬೇಕು.

ಕೊನೆಯ ಶನಿವಾರ ಇಸ್ಹಾಕ್ ಪರಾಠೆಯ ಡಬ್ಬಿ ವಾಪಸ್ಸು ಕೊಡಲು ಬಂದ. ತೊಳೆದು ಒರೆಸಿ ತಂದಿದ್ದ. ಭವನದ ಗೋಡೆಗೆ ಆಗಲೇ ಬಿಳಿ ಬಣ್ಣ ಬಿದ್ದಿತ್ತು, ಮುಂದಿನ ವಾರ ಉದ್ಘಾಟನೆ ಇತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅವರು ಕೇಳಿದಾಗ ಏನು ಹೇಳಿದೆ ಇಸ್ಹಾಕ್? ಬಾವಿ ಹೇಳಿದೆಯಾ?"

ಇಸ್ಹಾಕ್ ಚೀಲ ಕೆಳಗಿಟ್ಟ. ಪಾಠದ ದಿನಗಳಲ್ಲಿ ನಿಲ್ಲುತ್ತಿದ್ದಂತೆ ಕೈಕಟ್ಟಿ ನೆಟ್ಟಗೆ ನಿಂತ. ನನ್ನ ಪೂಜ್ಯ ತಾಯಿಯವರು ಎಂದು ಶುರುಮಾಡಿ, ತುಂಬಲಾರದ ನಷ್ಟ ಎನ್ನುವವರೆಗೆ ಪೂರ್ತಿ ಹೇಳಿ ಮುಗಿಸಿದ. ಮೇಷ್ಟ್ರು ಬಾಯಿಯೊಳಗೇ ಅವನ ಹಿಂದೆ ಹಿಂದೆ ಹೇಳಿಕೊಂಡು ಬಂದಿದ್ದರು. ಒಂದಕ್ಷರವೂ ತಪ್ಪಿರಲಿಲ್ಲ.